ಬಲಗಡೆಯ ಮಂಗಳೂರು

ಚಳ್ಳಕೆರೆಯಲ್ಲಿ ಸಮುದ್ರ ಕಂಡವರು ಕಡಿಮೆ. ದೊಡ್ಡೀರಪ್ಪನವರ ಎಣ್ಣೆ ಮಿಲ್ಲಿನ ಗೋಡೌನಿನಲ್ಲಂತೂ ಒಬ್ಬರೂ ಇರಲಿಲ್ಲ. ಹಾಗಿದ್ದೂ ತೊಂಬತ್ತೇಳನೇ ಇಸವಿಯ ಚಳಿಗಾಲದಲ್ಲಿ ದಿನಾ ಸಂಜೆ ಆ ಗೋಡೌನಿಗೆ ಸಮುದ್ರ ಬರುತ್ತಿತ್ತು. ಎರಡು ಕಂಬಗಳ ನಡುವೆ ಪಂಚೆಗಳನ್ನು ಜೋಡಿಸಿ ಹೊಲಿದ ಒಂದು ಪರದೆ ಕಟ್ಟುತ್ತಿದ್ದರು. ಪರದೆಯ ಮುಂದೆ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗರು ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದರು. ಹಿಂದೆ ಶೇಂಗಾ ಬೀಜ ಆರಿಸುವ ಹೆಂಗಸರು ಮೊರ ಹಿಡಿದು ಕೂರುತ್ತಿದ್ದರು. ಸ್ಲೈಡ್ ತೋರಿಸುವ ಮಿಷನ್ನಿನ ಬೆಳಕು ಮುಂದಿನಿಂದ ಬಂದು ಪಂಚೆಯ ಮೇಲೆ ಬಿದ್ದು, ತೂರಿ, ಹಿಂದಿನವರ ಮೊರಗಳ ಮೇಲೂ ಬೀಳುತ್ತಿತ್ತು.

ಹಿಂದೆ ಕೂರುವವರಲ್ಲಿ ಪಕ್ಕದ ಹಳ್ಳಿ ನನ್ನಿವಾಳದ ಬೋರಕ್ಕನ ಮಗಳು ಜ್ಯೋತಿಲಕ್ಷ್ಮಿಯೂ ಒಬ್ಬಳು. ಪಿಯುಸಿ ಪಾಸಾಗಿದ್ದಳು. ಪಾಸಾದ ಮೇಲೆ ಏನು ಎಂದು ಮನೆಯಲ್ಲಿ ಯಾರಿಗೂ ತೋಚದೆ ಅವ್ವನ ಜೊತೆ ಮಿಲ್ಲಿಗೆ ಬರತೊಡಗಿದ್ದಳು. ಕಲ್ಲು ಬೇರೆ, ಮುರುಕು ಬೇರೆ, ಬೀಜ ಬೇರೆ ಮಾಡುವುದು ಕೆಲಸ. ಕೈ ಪಳಗಿದರೆ ಅದಕ್ಕೆ ಕಣ್ಣು ಬೇಡ, ಬೆರಳು ಸಾಕು. ಬಿಡುವಾದ ಕಣ್ಣುಗಳನ್ನು ಅವಳು ಪರದೆಗೆ ಕೊಟ್ಟಿದ್ದಳು.

ಈ ಪಾಠ ಶುರುವಾದದ್ದು ಮಿಲ್ಲಿನ ಯಜಮಾನರ ಮಗ ಆಂಜಿನೇಯನಿಂದ. ನಾಕು ಎಕ್ಸ್‌ಪೆಲ್ಲರ್ ಇಟ್ಟು ಎಣ್ಣೆ ತೆಗೆಯುವವರ ಮನೆಗೂ ಸರ್ಕಾರಿ ಸಂಬಳದ ಮೇಲೆ ಆಸೆ. ಮಗ ಒಂದು ಕುರ್ಚಿ ಹಿಡಿಯಲಿ ಎಂದು ದೊಡ್ಡೀರಪ್ಪ ಗೋಡೌನನ್ನೇ ಬಿಟ್ಟುಕೊಟ್ಟರು. ಆರಿಸುವ ಕೆಲಸ ಮಾತ್ರ ನಿಲ್ಲಕೂಡದು ಎಂದರು. ಆಂಜಿನೇಯನೋ ಗಾಜಿನ ಸ್ಲೈಡುಗಳನ್ನು ಮಿಷನ್ನಿಗೆ ತೂರಿಸುವುದೊಂದು ಬಿಟ್ಟು ಬೇರೇನೂ ಕಲಿಯಲಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರೆ. ಆ ಗೋಡೌನಿನಲ್ಲಿ ಕಡಲೆ ಮುಂದಿತ್ತು, ಹಲ್ಲು ಹಿಂದೆ ಕೂತಿತ್ತು.

ಪಾಠ ಮಾಡುತ್ತಿದ್ದವನು ಅಫ್ಸರ್. ಮಿಲ್ಲಿನ ಎದುರಿಗೆ ವರ್ಕ್‌ಶಾಪ್ ಇಟ್ಟಿದ್ದ ಬುಡೇನ್ ಸಾಬರ ಮಗ. ಹಗಲು ಎಕ್ಸ್‌ಪೆಲ್ಲರ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್, ಸಂಜೆ ಸೋಪು ಹಚ್ಚಿ ಮೊಣಕೈತನಕ ತೊಳೆದುಕೊಂಡರೆ ಮೇಷ್ಟ್ರು. ದುರ್ಗದಲ್ಲಿ ಬಿ.ಎ. ಮಾಡಿದ್ದ. ಅವನ ತಾಯಿ ಖಾತೂನ್ ಬೀ, "ಹೆಸ್ರಲ್ಲೇ ಅಫ್ಸರ್ ಇಟ್ಟೀನಿ, ಇನ್ನು ಸರ್ಕಾರದವ್ರು ಒಂದು ಕುರ್ಚಿ ಇಟ್ರೆ ಆಯ್ತು" ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಕುರ್ಚಿ ಮಾತ್ರ ಪ್ರತಿ ಪರೀಕ್ಷೆಯಲ್ಲೂ ಕೈಗೆ ಸಿಕ್ಕಂತೆ ಮಾಡಿ ಜಾರುತ್ತಿತ್ತು.

ಸ್ಲೈಡ್ ಮಿಷನ್ನನ್ನು ಅವನು ಗುಜರಿಯಲ್ಲಿ ಹಿಡಿದಿದ್ದ. ಕುಟುಂಬ ಯೋಜನೆಯ ಪ್ರಚಾರಕ್ಕೆ ಊರೂರು ಸುತ್ತಿ ಸವೆದ ಮಿಷನ್ನು. ಅದರೊಳಗೆ ಕೆಂಪು ತ್ರಿಕೋನದ ಒಂದು ಸ್ಲೈಡು ಉಳಿದುಕೊಂಡಿತ್ತು. ಬೆಳಕು ಸರಿಮಾಡಲು ಅದನ್ನೇ ಮೊದಲು ಹಾಕುತ್ತಿದ್ದರಿಂದ ದಿನಾ ಸಂಜೆ ಸಾಮಾನ್ಯ ಜ್ಞಾನ ಕೆಂಪು ತ್ರಿಕೋನದಿಂದಲೇ ಆರಂಭವಾಗುತ್ತಿತ್ತು. ಹೆಂಗಸರು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು. ಉಳಿದ ಸ್ಲೈಡುಗಳೆಲ್ಲ ಅಫ್ಸರ್ ಕೈಯಿಂದಾದವು. ಗಾಜಿಗೆ ದೀಪದ ಮಸಿ ಹಿಡಿಸಿ, ಸೂಜಿಯಲ್ಲಿ ಕೆರೆದು ಅಕ್ಷರ ಬರೆಯುತ್ತಿದ್ದ. ನದಿಗೆ, ಕಾಡಿಗೆ, ಮರಳುಗಾಡಿಗೆ ಬಣ್ಣದ ಜಿಲೇಟಿನ್ ಕಾಗದ ಕತ್ತರಿಸಿ ಅಂಟಿಸುತ್ತಿದ್ದ. ಸಿನಿಮಾ ಟಾಕೀಸಿನಲ್ಲಿ ಬಟ್ಟೆ ಅಂಗಡಿಯ ಜಾಹೀರಾತು ಬರೆಯುವವರ ಉಪಾಯ ಅದು. ಹುಡುಗರಿಗೆ ಪುಸ್ತಕ ಓದಿದರೆ ನಿದ್ದೆ, ಸಿನಿಮಾ ಅಂದರೆ ಎಚ್ಚರ ಎಂದು ಅವನು ಲೆಕ್ಕ ಹಾಕಿದ್ದ.

ಬೋರಕ್ಕನಿಗೆ ಈ ಸ್ಲೈಡುಗಳಲ್ಲಿ ತನ್ನದೇ ಮೆಚ್ಚು. "ಸಮುದ್ರ ಬ್ಯಾಡ ಕಣೇ, ಕತ್ಲು ಕತ್ಲು. ಆ ಮರಳುಗಾಡು ಹಾಕಿದ್ರೆ ಕಲ್ಲೆಲ್ಲ ಚೆನ್ನಾಗಿ ಕಾಣ್ತಾವೆ" ಅನ್ನುತ್ತಿದ್ದಳು. ಥಾರ್ ಮರುಭೂಮಿ ಬಂದ ದಿನ ಅವಳ ಮೊರ ಎಲ್ಲರಿಗಿಂತ ಮೊದಲು ಹಸನಾಗುತ್ತಿತ್ತು.

ಜ್ಯೋತಿಗೆ ಸಮುದ್ರವೇ ಬೇಕಿತ್ತು. ಸಮುದ್ರದ ಸ್ಲೈಡಿನಲ್ಲಿ ಬಂದರುಗಳಿದ್ದವು. ಕಾಂಡ್ಲಾ, ಮುಂಬೈ, ಮರ್ಮಗೋವಾ, ನವ ಮಂಗಳೂರು, ಕೊಚ್ಚಿ. ಬಾವಿಯ ನೀರೂ ತಳ ಕಾಣುವ ಊರಿನ ಹುಡುಗಿಗೆ ಆ ಹೆಸರುಗಳನ್ನು ಹೇಳಿಕೊಂಡರೇ ಬಾಯಿ ತಂಪಾಗುತ್ತಿತ್ತು. ಅಫ್ಸರ್ ಸೈಕಲ್ ಕಡ್ಡಿಯೊಂದನ್ನು ಹಿಡಿದು ಪರದೆಯ ಪಕ್ಕ ನಿಲ್ಲುತ್ತಿದ್ದ. ಅವನ ಕೈಯ ನೆರಳು, ಕಡ್ಡಿಯ ನೆರಳು ಕರಾವಳಿಗುಂಟ ಮೆಲ್ಲಗೆ ಇಳಿಯುತ್ತಿದ್ದವು. ಹಗಲು ಗ್ರೀಸು ಮೆತ್ತಿದ ಅದೇ ಕೈಯನ್ನು ಅವಳು ದಿನಾ ಕಾಣುತ್ತಿದ್ದಳು. ಹಗಲು ಆ ಕೈ ಯಾರದೋ, ಅವಳು ಯಾರೋ. ಒಂದು ಮಾತೂ ಇರಲಿಲ್ಲ. ಸಂಜೆ ನೆರಳಾದ ಮೇಲೆ ಮಾತ್ರ ಅದು ತನ್ನೊಬ್ಬಳಿಗೇ ತೋರಿಸುತ್ತಿದೆ ಅನ್ನಿಸುತ್ತಿತ್ತು.

ಒಂದೇ ತೊಡಕು. ಹಿಂದೆ ಕೂತವರಿಗೆ ಎಲ್ಲವೂ ತಿರುಗಮುರುಗ. ಅಕ್ಷರಗಳು ಬೆನ್ನು ಮಾಡಿ ನಿಲ್ಲುತ್ತಿದ್ದವು. ಗುಜರಾತು ಬಲಕ್ಕೆ, ಬಂಗಾಳ ಎಡಕ್ಕೆ. ಮೊದಮೊದಲು ತಲೆ ಸುತ್ತಿತು, ಆಮೇಲೆ ರೂಢಿಯಾಯಿತು. ನನ್ನಿವಾಳದ ಶಾಲೆಯ ಭೂಪಟವನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿದ್ದರಿಂದ ಅವಳು ಕಣ್ತುಂಬ ಕಂಡ ಭಾರತ ಇದೊಂದೇ.

ಒಂದು ಸಂಜೆ ಅಫ್ಸರ್ ಹೆಸರುಗಳಿಲ್ಲದ ಭೂಪಟ ಹಾಕಿಸಿದ. ಕರಾವಳಿಗೆ ಬರೀ ಚುಕ್ಕೆಗಳು. "ಬಲಗಡೆ, ಎಲ್ಲಕ್ಕಿಂತ ಮೇಲಿರೋ ಬಂದ್ರು ಯಾವ್ದು?" ಎಂದು ಕೇಳಿದ. ಮುಂದೆ ಯಾರೂ ಬಾಯಿ ಬಿಡಲಿಲ್ಲ. ಆ ಮೌನ ತಡೆಯಲಾರದೆ ಜ್ಯೋತಿ ಹಿಂದಿನಿಂದ ಹೇಳಿಬಿಟ್ಟಳು. "ಕಾಂಡ್ಲಾ."

ಹುಡುಗರು ಹೋ ಎಂದು ನಕ್ಕರು. "ಲೇ, ಗುಜರಾತ್ನ ಕಲ್ಕತ್ತಕ್ಕೆ ತಂದಿಟ್ಳು ನೋಡ್ರಲೇ!" ಎಂದ ಆಂಜಿನೇಯ. ಬೋರಕ್ಕ ಮಗಳ ತೊಡೆಗೆ ಚಿವುಟಿದಳು. ಜ್ಯೋತಿ ಮೊರದಲ್ಲಿ ಮುಖ ಹುದುಗಿಸಿದಳು.

ಅಫ್ಸರ್ ನಗಲಿಲ್ಲ. ಕಡ್ಡಿಯ ನೆರಳು ಸ್ವಲ್ಪ ಹೊತ್ತು ಅಲ್ಲಾಡದೆ ನಿಂತಿತು. "ನಗಬ್ಯಾಡ್ರಿ. ಅವ್ರು ಹೇಳಿದ್ದು ತಪ್ಪಲ್ಲ," ಎಂದ. "ಅವ್ರು ಕೂತಿರೋ ಕಡೆಯಿಂದ ಅದು ಕಾಂಡ್ಲಾನೇ. ಹೆಸ್ರಿಲ್ದೆ ಗುರ್ತು ಹಿಡಿದ್ರಲ್ಲ, ನಿಮ್ಮಲ್ಲಿ ಒಬ್ರಿಗಾದ್ರೂ ಆಯ್ತಾ?"

ಮರುದಿನದಿಂದ ಅವನ ಪಾಠದ ನಡೆ ಬದಲಾಯಿತು. ಪ್ರಶ್ನೆ ಕೇಳುತ್ತಿದ್ದ, ಹುಡುಗರಿಗೆ ಕಾಯುತ್ತಿದ್ದ. ಅವರು ಸೋತ ಮೇಲೆ ಇನ್ನೊಂದಿಷ್ಟು ಕಾಯುತ್ತಿದ್ದ. ಆ ಎರಡನೆಯ ಕಾಯುವಿಕೆ ತನ್ನದು ಎಂದು ಜ್ಯೋತಿಗೆ ತಿಳಿಯಿತು. ಕೆಲವೊಮ್ಮೆ "ಪರದೆ ಹಿಂದಿನವ್ರು ಹೇಳ್ರಿ" ಅನ್ನುತ್ತಿದ್ದ. ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. ಅವಳು ಹೇಳುತ್ತಿದ್ದಳು. ದಿನವಿಡೀ ಬೀಜದ ರಾಶಿಯ ಮುಂದೆ ಅವಳು ಬದುಕುತ್ತಿದ್ದದ್ದು ಆ ಒಂದು ಗಳಿಗೆಗೆ. ಮೊರ ಹಿಡಿದು ಕೂರುವ ಜಾಗವೂ ದಿನಕ್ಕೊಂದಿಷ್ಟು ಪರದೆಯ ಕಡೆ ಸರಿಯುತ್ತ ಬಂತು. ಬೋರಕ್ಕ ನೋಡಿದಳು, ಬೆಳಕಿಗೆ ಸರಿಯುತ್ತಾಳೆ ಎಂದುಕೊಂಡಳು. ತಾಯಂದಿರಿಗೆ ಎಲ್ಲ ಗೊತ್ತಾಗುತ್ತದೆ ಅನ್ನುವ ಮಾತು ಯಾವಾಗಲೂ ನಿಜವಲ್ಲ.

ದ್ವಿತೀಯ ದರ್ಜೆ ಸಹಾಯಕರ ಹುದ್ದೆಗೆ ಅರ್ಜಿ ಕರೆದಾಗ ಅಫ್ಸರ್ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ. ಎರಡನೆಯ ಸಲ ಪರದೆಯ ಕಡೆ ತಿರುಗಿ ಓದಿದ. ಜ್ಯೋತಿ ಅವ್ವನನ್ನು ಕೇಳಿದಳು.

"ಬರಿ, ಯಾರ್ ಬ್ಯಾಡ ಅಂದ್ರು? ಕೂಲಿ ಒಂದ್ ಬಿಡಬ್ಯಾಡ," ಎಂದಳು ಬೋರಕ್ಕ.

ಅರ್ಜಿ ಹೋಯಿತು. ಜ್ಯೋತಿಗೆ ಕೆಲಸ ಬೇಕಿತ್ತು, ಅದು ಸರಿ. ಆದರೆ ಅದರ ಹಿಂದೆ ಇನ್ನೊಂದು ಆಸೆ ಇತ್ತು, ಯಾರಿಗೂ ಹೇಳಿದ್ದಲ್ಲ. ಒಂದು ಸಲ, ಒಂದೇ ಸಲ, ಆ ಪರದೆಯ ಮುಂದೆ ಕೂರಬೇಕು. ಆರಿಸುವ ಕೂಲಿಯವಳು ಮೊರ ಬಿಟ್ಟು ಎದ್ದು ಮುಂದೆ ಹೋಗಿ ಕೂತರೆ ದೊಡ್ಡೀರಪ್ಪ ಸುಮ್ಮನಿರುತ್ತಿರಲಿಲ್ಲ, ಊರೂ ಸುಮ್ಮನಿರುತ್ತಿರಲಿಲ್ಲ. ನನ್ನಿವಾಳದ ಹುಡುಗಿ, ಬುಡೇನ್ ಸಾಬರ ಮಗ. ಜನರ ಬಾಯಿಗೆ ಇಷ್ಟು ಸಿಕ್ಕರೆ ಎಕ್ಸ್‌ಪೆಲ್ಲರಿಗಿಂತ ನುಣ್ಣಗೆ ಹಿಂಡಿಬಿಡುತ್ತಿದ್ದರು. ನೌಕರಿ ಸಿಕ್ಕರೆ ಮುಂದೆ ಕೂರಲು ಯಾರನ್ನೂ ಕೇಳಬೇಕಿಲ್ಲ. ಕೂತು ಅವನ ಮುಖ ನೋಡುತ್ತ ಒಂದು ಉತ್ತರ ಹೇಳಬೇಕು.

ಪರೀಕ್ಷೆಗೆ ಮುಂಚಿನ ಕೊನೆಯ ಪಾಠದ ದಿನ ಅಫ್ಸರ್ ಮಿಷನ್ನಿನ ಹತ್ತಿರ ಹೋಗಿ ಆಂಜಿನೇಯನ ಕಿವಿಯಲ್ಲಿ ಏನೋ ಹೇಳಿದ. ದೀಪ ಆರಿತು. ಕೆಂಪು ತ್ರಿಕೋನ ಬಂದು ಹೋಯಿತು. ಆಮೇಲೆ ಭೂಪಟ ಬಿತ್ತು.

"ಸಾರ್, ಉಲ್ಟಾ ಐತೆ!" ಮುಂದಿನಿಂದ ಕೂಗಿದರು.

"ಗೊತ್ತೈತೆ. ನಾನೇ ತಿರುಗಿಸಿ ಹಾಕಿಸೀನಿ," ಎಂದ ಅಫ್ಸರ್.

"ಓದಾಕ್ ಬರಲ್ಲ ಸಾರ್!"

"ಇವತ್ತೊಂದಿನ ನೀವೇ ಹಿಂದ್ಗಡೆ ಕೂತೀರಿ ಅಂದ್ಕಳ್ರಿ."

ಜ್ಯೋತಿಯ ಕೈ ಮೊರದಲ್ಲೇ ನಿಂತುಹೋಯಿತು. ಅಕ್ಷರಗಳೆಲ್ಲ ಅವಳ ಕಡೆ ಮುಖ ಮಾಡಿದ್ದವು. ಗುಜರಾತು ಎಡಕ್ಕೆ, ಬಂಗಾಳ ಬಲಕ್ಕೆ. ಅವನ ಕೈಬರಹ ಇಷ್ಟು ದುಂಡಗಿದೆ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ಅಷ್ಟು ಜನ ಹುಡುಗರಿಗೆ ಬೆನ್ನು ತೋರಿಸಿ ಅವನು ಇಡೀ ದೇಶವನ್ನೇ ತನಗಾಗಿ ತಿರುಗಿಸಿದ್ದಾನೆ ಎಂದು ತಿಳಿದಾಗ ಅವಳಿಗೆ ಅಳು ಬಂತು. ಅಳುತ್ತಲೇ ಓದಿದಳು.

ಕಡ್ಡಿ ಕರಾವಳಿಗೆ ಬಂತು. ಕಾಂಡ್ಲಾ, ಮುಂಬೈ, ಮರ್ಮಗೋವಾ. ಅವನು ತುದಿಯನ್ನು ಬಟ್ಟೆಗೆ ಒತ್ತಿ ತೋರಿಸುತ್ತಿದ್ದ. ಒತ್ತಿದಲ್ಲಿ ಈ ಕಡೆ ಒಂದು ಸಣ್ಣ ಉಬ್ಬು ಏಳುತ್ತಿತ್ತು. ನವ ಮಂಗಳೂರಿನಲ್ಲಿ ಉಬ್ಬು ಎದ್ದಾಗ ಜ್ಯೋತಿ ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಕೈ ಚಾಚಿ ಅದರ ಮೇಲೆ ಬೆರಳಿಟ್ಟಳು.

ಕಡ್ಡಿ ಹಿಂದಕ್ಕೆ ಸರಿಯಲಿಲ್ಲ. ಮುಂದಕ್ಕೂ ಹೋಗಲಿಲ್ಲ. "ನವ ಮಂಗಳೂರು," ಎಂದ ಅಫ್ಸರ್. ಮತ್ತೊಮ್ಮೆ, "ನವ ಮಂಗಳೂರು," ಎಂದ. ಹುಡುಗರಲ್ಲಿ ಯಾರೋ "ಬರ್ಕೊಂಡ್ವಿ ಸಾರ್" ಎಂದ ಮೇಲೆ ಕೊಚ್ಚಿ ಬಂತು.

ಪರೀಕ್ಷೆ ದುರ್ಗದಲ್ಲಿ. ಅಫ್ಸರ್ ಕೂಡ ಬರೆಯುತ್ತಿದ್ದ, ಬೇರೆ ಕೋಣೆ. ಪ್ರಶ್ನೆಗಳು ಸಲೀಸಾಗಿಯೇ ಹೋದವು. ನಡುವೆ ಒಂದು ಸಣ್ಣ ಭೂಪಟ ಬಂತು. ಕರಾವಳಿಗೆ ಹತ್ತಿರ ಹತ್ತಿರ ನಾಲ್ಕು ಚುಕ್ಕೆ, ಇವುಗಳಲ್ಲಿ ನವ ಮಂಗಳೂರು ಯಾವುದು. ಜ್ಯೋತಿ ಪೆನ್ನು ಕೆಳಗಿಟ್ಟಳು. ಇಷ್ಟು ದಿನ ಹಿಂದಿನಿಂದ ಕಂಡ ಭೂಪಟ ಒಂದು, ಕೊನೆಯ ದಿನ ಅವನು ತಿರುಗಿಸಿ ತೋರಿಸಿದ್ದು ಇನ್ನೊಂದು. ಎರಡೂ ಒಂದರ ಮೇಲೊಂದು ಕೂತು ಕಲಸಿಹೋದವು. ಪಶ್ಚಿಮ ಎಡಕ್ಕೆ ಎಂದು ಎಳೆ ಮಗುವಿಗೂ ಗೊತ್ತು. ಆದರೆ ಅವಳು ಕಲಿತ ಕರಾವಳಿಯ ಕೊಂಕು ಈ ಕಡೆಯದಲ್ಲ, ಆ ಕಡೆಯದು. ಅವನು ಒಳ್ಳೆಯದಕ್ಕೆಂದೇ ಮಾಡಿದ್ದು ಈಗ ಅವಳನ್ನೇ ಮುಳುಗಿಸುವಂತಿತ್ತು.

ಆಮೇಲೆ ಅವಳು ಪ್ರಶ್ನೆಪತ್ರಿಕೆಯನ್ನು ಮಗುಚಿ ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದಳು. ಕಾಗದದ ಬೆನ್ನಿನಿಂದ ಭೂಪಟ ಮೂಡಿತು. ಗುಜರಾತು ಬಲಕ್ಕೆ ಬಂದು ಕೂತಿತು. ಅವಳ ದೇಶ ಅವಳಿಗೆ ಸಿಕ್ಕಿತು.

ಕೋಣೆಯ ಮೇಲ್ವಿಚಾರಕರು ಓಡಿ ಬಂದರು. "ಏನಮ್ಮ ಅದು? ಏನ್ ನೋಡ್ತಾ ಇದೀಯಾ?"

"ಹಿಂದ್ಗಡೆಯಿಂದ ನೋಡ್ತಾ ಇದೀನಿ ಸಾರ್," ಎಂದಳು ಜ್ಯೋತಿ. ಅವರು ಕಾಗದವನ್ನು ಇಸಿದುಕೊಂಡು ತಾವೂ ಬಿಸಿಲಿಗೆ ಹಿಡಿದು ನೋಡಿ, ಏನೂ ಕಾಣದೆ ವಾಪಸು ಕೊಟ್ಟರು.

ಫಲಿತಾಂಶ ಬರುವಷ್ಟರಲ್ಲಿ ಮತ್ತೊಂದು ಶೇಂಗಾ ಸುಗ್ಗಿ ಮುಗಿದಿತ್ತು. ಮಿಷನ್ನಿನ ಬಲ್ಬು ಸುಟ್ಟು, ಅಂಥದ್ದು ಎಲ್ಲೂ ಸಿಗದೆ ಪಾಠ ನಿಂತುಹೋಗಿತ್ತು. ಜ್ಯೋತಿ ಪಾಸು, ಅಫ್ಸರ್ ಫೇಲು. ಅವನಿಗೆ ಲೆಕ್ಕ ಕೈಕೊಟ್ಟಿತಂತೆ. ಜ್ಯೋತಿಗೆ ಮೊಳಕಾಲ್ಮೂರಿನ ತಾಲ್ಲೂಕು ಕಚೇರಿಯಲ್ಲಿ ಕೆಲಸವೆಂದು ಆದೇಶ ಬಂತು. ನನ್ನಿವಾಳಕ್ಕೆ ನನ್ನಿವಾಳವೇ ಬೋರಕ್ಕನ ಮನೆಗೆ ಬಂದು ಸಕ್ಕರೆ ತಿಂದು ಹೋಯಿತು. ಅವಳಿಗೆ ಮಾತ್ರ ಒಂದೇ ಧ್ಯಾನ. ಹೋಗಿ ಹೇಳಬೇಕು. ಏನೆಂದು ಹೇಳುವುದು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು. "ನಿಮ್ ಎದ್ರಿಗೆ ಕೂತು ಒಂದ್ಸಲ ಪಾಠ ಕೇಳ್ಬೇಕು." ಅಷ್ಟೇ. ಉಳಿದದ್ದು ಅವನಿಗೆ ತಿಳಿಯುತ್ತದೆ.

ಪೇಡದ ಪೊಟ್ಟಣ ಹಿಡಿದು ವರ್ಕ್‌ಶಾಪಿನ ಹಿಂದಿನ ಮನೆಯ ಬಾಗಿಲಿಗೆ ಹೋದಾಗ ಖಾತೂನ್ ಬೀ ಅಕ್ಕಿ ಕೇರುತ್ತಿದ್ದಳು.

"ಅಫ್ಸರ್ ಮೇಷ್ಟ್ರು ಅದಾರೇನಮ್ಮ?"

"ಇಲ್ಲ ಬೇಟಿ. ಹೋದ ಜುಮ್ಮಾ ದಿನ ನಮಾಜ್ ಮುಗ್ಸಿ ಮಂಗ್ಳೂರಿಗೆ ಹೋದ. ಬಂದ್ರಲ್ಲಿ ಕ್ರೇನು ರಿಪೇರಿ ಮಾಡೋ ಕೆಲ್ಸ. ಇನ್ ಪರೀಕ್ಷೆ ಸಾಕು ಅಮ್ಮಿ ಅಂದ."

ಜ್ಯೋತಿ ಹೊಸ್ತಿಲ ಮೇಲೇ ಕೂತಳು. ಖಾತೂನ್ ಬೀ ಅವಳ ಮುಖವನ್ನೇ ನೋಡಿ, "ಬೋರಕ್ಕನ ಮಗ್ಳು ಅಲ್ವಾ ನೀನು? ಪರದೆ ಹಿಂದಿನವ್ಳು?" ಎಂದು ಕೇಳಿದಳು. ತಲೆಯಾಡಿಸಿದ ಮೇಲೆ ಒಳಗೆ ಹೋಗಿ ಹಳೇ ವೇಲಿನ ತುಂಡಿನಲ್ಲಿ ಸುತ್ತಿದ್ದ ಒಂದು ಗಾಜನ್ನು ತಂದು ಕೈಗಿಟ್ಟಳು. ಬಂದರುಗಳ ಸ್ಲೈಡು. "ಅವ್ಳು ಬಂದ್ರೆ ಕೊಡು ಅಂದಿದ್ದ. ಬರದೆ ಇದ್ರೆ ಇಟ್ಕೋ ಅಂದಿದ್ದ."

ಮುದುಕಿ ಮತ್ತೆ ಮೊರ ತೊಡೆಯ ಮೇಲಿಟ್ಟುಕೊಂಡಳು. "ಮನೇಲಿ ದಿನಾ ಬಾಯಿಪಾಠ ಹೇಳ್ತಿದ್ದ ಬೇಟಿ, ನಂಗೂ ಬಂದ್ಬಿಟ್ಟೈತೆ. ಕಾಂಡ್ಲಾ, ಮುಂಬೈ, ಮರ್ಮಗೋವಾ. ಹೋದ ವರ್ಷದಿಂದ ಮಂಗ್ಳೂರಿಗೆ ಬಂದ್ರೆ ನಿಂತೋಗ್ತಿದ್ದ. ಮುಂದಿಂದು ಮರ್ತ್ಯೇನೋ ಅಂತ ನಾನೇ ಕೊಚ್ಚಿ ಅಂತ ಹೇಳ್ಕೊಡ್ತಿದ್ದೆ."

ಅವತ್ತು ಜ್ಯೋತಿ ಪೇಡದ ಪೊಟ್ಟಣವನ್ನು ಅಲ್ಲೇ ಬಿಟ್ಟು, ಗಾಜನ್ನು ಎದೆಗೆ ಹಿಡಿದು ಬಸ್ಸು ಹತ್ತಿದಳು.

ಮೊಳಕಾಲ್ಮೂರಿನಲ್ಲಿ ವರ್ಷಗಳು ಸಲೀಸಾಗಿ ಕಳೆದವು. ಸೋಮವಾರ ಚಳ್ಳಕೆರೆಯಿಂದ ಬಂದರೆ ಶನಿವಾರ ವಾಪಸು. ನಡುವೆ ದೇವಸಮುದ್ರದ ಕಡೆಯ ರೈತರು, ತೆಲುಗು ಬೆರೆತ ಅವರ ಮಾತು, ಅವರ ಅರ್ಜಿಗಳು. ನೋಡಲು ಬಂದ ಗಂಡುಗಳಿಗೆಲ್ಲ ಏನಾದರೊಂದು ಕುಂದು ಹೇಳಿ ಕಳಿಸಿದಳು. ಬೋರಕ್ಕ ಬೈದು ಬೈದು ಸಾಕಾಗಿ ಬಿಟ್ಟಳು. ಮಂಗಳೂರಿಗೆ ಹೋಗಬಹುದಿತ್ತಲ್ಲ ಎಂದರೆ, ಹೋಗಬಹುದಿತ್ತು. ದುರ್ಗಕ್ಕೆ ಹೋದರೆ ಮುಂದೆ ಬಸ್ಸು ಸಿಗುತ್ತಿತ್ತು. ಒಮ್ಮೆ ದುರ್ಗದ ಬಸ್ ನಿಲ್ದಾಣದವರೆಗೂ ಹೋಗಿದ್ದಳು. ಅಷ್ಟು ದೊಡ್ಡ ಬಂದರಿನಲ್ಲಿ ಒಬ್ಬ ಮೆಕ್ಯಾನಿಕ್ಕನ್ನು ಹುಡುಕಿ, ಎದುರು ನಿಂತು, ಪಾಠ ಕೇಳಲು ಬಂದೆ ಅನ್ನುವುದೇ? ಅವನಿಗೆ ಮದುವೆಯಾಗಿ ಹೆಂಡತಿ ಬಾಗಿಲು ತೆಗೆದರೆ? ಅಲ್ಲೇ ಒಂದು ಟೀ ಕುಡಿದು ವಾಪಸು ಬಂದಳು. ಅವಳಿಗೆ ಅವನು ಬೇಕಿದ್ದ. ಬೇಕು ಅನ್ನುವುದು ದಾರಿಯಾಗುವುದಿಲ್ಲ, ಅಷ್ಟೇ.

ಗಾಜಿನ ಸ್ಲೈಡು ಅವಳ ಕಚೇರಿಯ ಮೇಜಿನ ಖಾನೆಯಲ್ಲಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದ ಮೇಲೆ ಕಿಟಕಿಗೆ ಹಿಡಿದು ನೋಡುತ್ತಿದ್ದಳು. ಗಾಜಿಗೆ ಹಿಂದು ಮುಂದು ಇಲ್ಲ. ಹೀಗೆ ಹಿಡಿದರೆ ಅವನ ಅಕ್ಷರ ನೇರ, ಮಂಗಳೂರು ಎಡಕ್ಕೆ. ಅವಳು ಯಾವತ್ತೂ ಹಾಗೆ ಹಿಡಿಯುತ್ತಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಒಂದು ದಿನ ಅಟೆಂಡರ್ ಜುಂಜಣ್ಣ ಸಂಭ್ರಮದಲ್ಲಿ ಬಂದ. ಮಗಳಿಗೆ ಮಂಗಳೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. "ಮೇಡಮ್ಮಾರೆ, ಪರೀಕ್ಷೆ ಬರೆದು ಬಂದೋರು ನೀವು. ಈ ಮಂಗ್ಳೂರು ನಮ್ಗೆ ಯಾವ ದಿಕ್ಕಿಗೆ ಐತ್ರೀ? ನಮ್ಮವ್ವ ಮೊಮ್ಮಗಳು ಹೋಗೋ ಕಡೀಕೆ ಕೈ ಮುಗಿಬೇಕಂತೆ."

ಜ್ಯೋತಿ ಬಡಗಣಕ್ಕೆ ಮುಖ ಮಾಡಿ ಕೂತಿದ್ದಳು. ಬರೆಯುತ್ತಿದ್ದ ಕಡತದಿಂದ ತಲೆ ಎತ್ತದೆ ಬಲಗೈ ಚಾಚಿ ಕಿಟಕಿಯ ಕಡೆ ತೋರಿಸಿದಳು.

ಜುಂಜಣ್ಣ ಕಿಟಕಿ ನೋಡಿದ, ಅವಳನ್ನು ನೋಡಿದ. "ಅದು ರಾಯದುರ್ಗದ ಕಡೆ ಅಲ್ವೇನ್ರೀ? ಸೂರ್ಯ ಹುಟ್ಟೋ ಕಡೆ. ಅಲ್ಲಿ ಆಂಧ್ರ ಐತೆ, ಸಮುದ್ರ ಎಲ್ ಬತ್ತೈತೆ?"

ಪಕ್ಕದ ಮೇಜಿನವರು ಗೊಳ್ಳೆಂದು ನಕ್ಕರು. ಜ್ಯೋತಿಯೂ ನಕ್ಕಳು. "ತಪ್ಪಾತು ಜುಂಜಣ್ಣ. ಈ ಕಡೆ," ಎಂದು ಬೀರುವಿದ್ದ ಎಡಗಡೆಯ ಗೋಡೆ ತೋರಿಸಿದಳು. ಅವನು ಗೋಡೆಗೇ ಕೈ ಮುಗಿದು ಹೋದ.

ಆ ದಿನ ಶನಿವಾರ. ಸಂಜೆ ಬಸ್ ನಿಲ್ದಾಣದಲ್ಲಿ ಚಳ್ಳಕೆರೆಯ ಬಸ್ಸಿಗೆ ಕಾಯುತ್ತ ಅವಳು ಎಂದಿನಂತೆ ಮೂಡಣ ಮೂಲೆಯ ಕಲ್ಲುಬೆಂಚಿನಲ್ಲಿ ಕೂತಳು. ಎದುರಿಗೆ ರಾಯದುರ್ಗದ ದಾರಿ, ಅದರಾಚೆ ಬೋಳು ಗುಡ್ಡಗಳು, ಮನೆಗೆ ಹೊರಟ ಕುರಿಗಳು. ಆ ಕಡೆ ಸಮುದ್ರ ಇಲ್ಲವೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಆ ತಾಲ್ಲೂಕಿನಲ್ಲೇ ಇರಲಿಲ್ಲ. ಬಸ್ಸು ಬರುವ ತನಕ ಅವಳು ಆ ಕಡೆಗೇ ನೋಡುತ್ತ ಕೂತಿದ್ದಳು.